ಒಂದಗುಳಿನ ನ್ಯಾಯ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಗಡಿಗೆಯನ್ನೆಲ್ಲ ಬರಿದು ಮಾಡಬೇಕಾಗಿಲ್ಲ. ಒಂದಗುಳನ್ನು ಹಿಸುಕಿ ನೋಡಿದರೆ ಸಾಕು. ನಮ್ಮ ತಾಯಂದಿರು ಇದನ್ನು ಒಲೆಯ ಮುಂದೆ ಕಲಿತರು. ಸಂಸ್ಕೃತದ ಪಂಡಿತರು ಇದಕ್ಕೆ ‘ಸ್ಥಾಲೀಪುಲಾಕ ನ್ಯಾಯ’ ಎಂದು ಹೆಸರಿಟ್ಟು ಶಾಸ್ತ್ರಕ್ಕೆ ಸೇರಿಸಿಕೊಂಡರು. ಸ್ಥಾಲಿ ಎಂದರೆ ಅಡುಗೆಯ ಪಾತ್ರೆ, ಪುಲಾಕವೆಂದರೆ ಅಗುಳು. ಇಂದು ಸರಕಾರಗಳು ಕೋಟಿಗಟ್ಟಲೆ ರೂಪಾಯಿ ಬೆಲೆಯ ಔಷಧಿ, ಧಾನ್ಯ, ಬಟ್ಟೆ, ಕೊಳವೆ, ಸಿಮೆಂಟುಗಳನ್ನು ಕೊಳ್ಳುವಾಗ ನಡೆಸುವ ಗುಣಪರೀಕ್ಷೆಯ ಬುಡದಲ್ಲಿ ಇರುವುದೂ ಇದೇ ನ್ಯಾಯ. ರಾಶಿಯಿಂದ ಒಂದು ಹಿಡಿ ತೆಗೆದು ನೋಡಿ, ಇಡೀ ರಾಶಿಯನ್ನು ಒಪ್ಪುವುದು ಅಥವಾ ಒಲ್ಲೆನೆನ್ನುವುದು.

ಕನ್ನಡ ಪಾಠ ಹೇಳುವವರಿಗೆ ಟೆಂಡರು, ಕರಾರುಪತ್ರಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ರಾಯಚೂರಿನಲ್ಲಿ ಬಾಳುವವರಿಗೆ ಆ ಗೊಡವೆ ಬೇಡವೆಂದರೂ ಬಂದು ಅಂಟಿಕೊಳ್ಳುತ್ತದೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ನಮ್ಮ ಜಿಲ್ಲೆಯ ದೇವದುರ್ಗ, ಮಾನ್ವಿ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ಹಿಂದುಳಿದ ಸೀಮೆ ಎಂದರೆ ಏನು? ಅದಕ್ಕೆ ಅರ್ಥಶಾಸ್ತ್ರಜ್ಞರ ಲಕ್ಷಣಗಳು ಬೇರೆ ಇರಬಹುದು; ನನ್ನ ಮಟ್ಟಿಗೆ, ಸರಕಾರ ಕೊಂಡು ಕೊಟ್ಟದ್ದನ್ನು ಬಿಟ್ಟರೆ ಬೇರೆ ಗತಿಯಿಲ್ಲದವರು ಹೆಚ್ಚಾಗಿರುವ ಸೀಮೆ ಅದು. ಇಲ್ಲಿಯ ಮಗು ಉಣ್ಣುವ ಮಧ್ಯಾಹ್ನದ ಅನ್ನ, ಬಾಣಂತಿಗೆ ಹಾಕುವ ಸೂಜಿ, ಊರಿನವರು ಕುಡಿಯುವ ನೀರನ್ನು ಶುದ್ಧಿ ಮಾಡುವ ಯಂತ್ರ, ಎಲ್ಲವೂ ಯಾವುದೋ ಕಚೇರಿಯಲ್ಲಿ ಯಾರೋ ಸಹಿ ಮಾಡಿ ಕೊಂಡ ವಸ್ತು. ಆದ್ದರಿಂದ ಆ ಕೊಳ್ಳುವಿಕೆಯಲ್ಲಿ ಪರೀಕ್ಷೆಯ ಷರತ್ತು ಹೇಗಿರಬೇಕೆಂಬುದು ಬರಿಯ ಲೆಕ್ಕಪತ್ರದ ಮಾತಲ್ಲ. ಅದೊಂದು ಧರ್ಮದ ಪ್ರಶ್ನೆ ಎಂದು ನನಗೆ ತೋರುತ್ತದೆ.

ನಾವು ನಮಗಾಗಿ ಕೊಳ್ಳುವಾಗ ಷರತ್ತು ಬರೆಯುವುದಿಲ್ಲ. ಬದನೆಕಾಯಿಯನ್ನು ತಿರುವಿ ಹುಳುಕು ನೋಡುತ್ತೇವೆ. ಜೋಳದ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತೇವೆ. ನಮ್ಮೂರಿನ ರಾಜೇಂದ್ರ ಗಂಜಿಗೆ ಹೋದರೆ, ಹಳೆಯ ವರ್ತಕರು ಹತ್ತಿಯ ಎಳೆಯನ್ನು ಎರಡು ಬೆರಳುಗಳ ನಡುವೆ ಎಳೆದು, ಅದರ ಉದ್ದ ಎಷ್ಟು, ಕಸುವು ಎಷ್ಟು ಎಂದು ಹೇಳುವುದನ್ನು ಈಗಲೂ ನೋಡಬಹುದು. ಇಲ್ಲಿ ಹಣ ಕೊಡುವವನು, ಆರಿಸುವವನು, ಬಳಸುವವನು ಒಬ್ಬನೇ. ಮೋಸ ಹೋದರೆ ನೋಯುವುದು ಅವನ ಜೇಬು, ಅವನ ಹೊಟ್ಟೆ. ಅವನು ನಾಳೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಆ ಭಯವೇ ಅಂಗಡಿಯವನನ್ನು ಬಹುಮಟ್ಟಿಗೆ ನೇರದಲ್ಲಿ ಇಟ್ಟಿರುತ್ತದೆ.

ಸರಕಾರ ಕೊಳ್ಳುವಾಗ ಈ ಒಬ್ಬ ಮನುಷ್ಯ ಮೂವರಾಗಿ ಒಡೆಯುತ್ತಾನೆ. ಹಣ ಕೊಡುವವರು ತೆರಿಗೆ ತೆರುವ ನಾವೆಲ್ಲರು. ಆರಿಸುವವರು ರಾಜಧಾನಿಯ ಅಧಿಕಾರಿಗಳು. ಬಳಸುವವಳು ಮಾನ್ವಿಯ ಹಳ್ಳಿಯೊಂದರ ಬಸುರಿ. ಈ ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೊಟ್ಟವರ ಜೇಬಿಗೆ ಆದ ನಷ್ಟ ಕೋಟ್ಯಂತರ ಜನರಲ್ಲಿ ಹಂಚಿಹೋಗಿ ಯಾರಿಗೂ ತಾಗುವುದಿಲ್ಲ. ಆರಿಸಿದವರ ನಾಲಗೆಗೆ ಆ ವಸ್ತು ತಾಕುವುದೇ ಇಲ್ಲ. ತಾಕಿದವಳಿಗೆ ಬೇರೆ ಅಂಗಡಿಗೆ ಹೋಗುವ ದಾರಿಯಿಲ್ಲ. ಈ ಒಡಕನ್ನು ತುಂಬುವುದಕ್ಕೆಂದೇ ಕರಾರುಪತ್ರದಲ್ಲಿ ಗುಣಪರೀಕ್ಷೆಯ ಷರತ್ತು ಇರುವುದು. ಅದು ಅಲ್ಲಿ ಇಲ್ಲದವರ ನಾಲಗೆ, ಕಾಣದವರ ಕೈಬೆರಳು. ಹೀಗೆ ನೋಡಿದರೆ ಆ ಷರತ್ತು ಕೊಳ್ಳುವವರೂ ಮಾರುವವರೂ ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ ಮಾತ್ರವಲ್ಲ. ಇಬ್ಬರೂ ಸೇರಿ ಮೂರನೆಯವರಿಗೆ ಕೊಟ್ಟ ಮಾತು. ಆದ್ದರಿಂದಲೇ ಕೊಳ್ಳುವವರೂ ಮಾರುವವರೂ ಒಪ್ಪಿಕೊಂಡು ಅದನ್ನು ಸಡಿಲಿಸಿದರೆ, ಇಬ್ಬರಲ್ಲಿ ಯಾರಿಗೂ ತಪ್ಪು ಮಾಡಿದೆನೆನ್ನಿಸುವುದಿಲ್ಲ. ತಪ್ಪು ನಡೆದದ್ದು ಮಾತ್ರ ನಿಜ.

ಈ ಒಡಕು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದಲಾದರೂ ಮಾಡಿಸಬೇಕು, ಇಲ್ಲವೆ ಇಂಥ ಸೀಮೆಯ ಕಲ್ಲಿನಿಂದ ಮಾಡಿಸಬೇಕು. ಅವು ನೀರು ಕುಡಿದು ಹೆಚ್ಚಬಾರದು, ಬಿಸಿಲಿಗೆ ಕುಗ್ಗಬಾರದು. ನಾಲ್ಕು ತಿಂಗಳಿಗೊಮ್ಮೆ ಅವನ್ನು ಪರೀಕ್ಷಿಸಿ ಮುದ್ರೆ ಒತ್ತಿಸಬೇಕು ಎಂದು ಅಲ್ಲಿ ವಿಧಿಸಿದೆ. ತೂಗುವ ವಸ್ತುವನ್ನಲ್ಲ, ತೂಗುವ ಕಲ್ಲನ್ನೇ ಮೊದಲು ಸಂಶಯಿಸಬೇಕು ಎಂಬ ವಿವೇಕ ಇದರಲ್ಲಿದೆ. ಇಂಗ್ಲೆಂಡಿನಲ್ಲಿ 1282ರಷ್ಟು ಹಿಂದೆಯೇ ಟಂಕಸಾಲೆಯ ನಾಣ್ಯಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟು, ಟಂಕಸಾಲೆಗೆ ಸೇರದವರಿಂದ ಒರೆಗೆ ಹಚ್ಚಿಸುತ್ತಿದ್ದರೆಂದು ದಾಖಲೆಯಿದೆ. ಆ ಪದ್ಧತಿ ಇಂದಿಗೂ ಅಲ್ಲಿ ನಡೆದಿದೆ. ಅಮೆರಿಕದ ಒಳಯುದ್ಧದ ಕಾಲದಲ್ಲಿ, 1861ರಲ್ಲಿ, ಸೈನಿಕರಿಗೆ ಒದಗಿಸಿದ ಕೆಲವು ಸಮವಸ್ತ್ರಗಳು ಹಳೆಯ ಚಿಂದಿಯನ್ನು ಅರೆದು ಒತ್ತಿ ಮಾಡಿದವಾಗಿದ್ದು, ಮಳೆಗೆ ಬಿಚ್ಚಿಕೊಂಡು ಬಿದ್ದವು. ಸರಕಾರಕ್ಕೆ ಸುಳ್ಳು ಲೆಕ್ಕ ಕೊಟ್ಟವರನ್ನು ಹಿಡಿಯುವ ಕಾನೂನು ಅಲ್ಲಿ ಹುಟ್ಟಿದ್ದು 1863ರಲ್ಲಿ, ಆ ಅನುಭವದಿಂದ. ಇನ್ನೊಬ್ಬರಿಗಾಗಿ ಕೊಳ್ಳುವಾಗ ಮನುಷ್ಯನ ಕಣ್ಣು ಮಂಜಾಗುತ್ತದೆಂಬುದು ಯಾವ ಒಂದು ದೇಶದ ದೋಷವೂ ಅಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಸರಕಾರ ಕೊಳ್ಳುವುದು ಔಷಧಿ, ಯಂತ್ರಗಳನ್ನಷ್ಟೇ ಅಲ್ಲ. ರೈತರ ಬೆಳೆಯನ್ನೂ ಕೊಳ್ಳುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿ ಸೀಮೆಯಲ್ಲಿ ಭತ್ತ ಬಹಳ. ಬೆಂಬಲ ಬೆಲೆಗೆ ಭತ್ತ ಕೊಳ್ಳುವಾಗ ಅದಕ್ಕೊಂದು ಗುಣಮಾನವುಂಟು: ತೇವ ನೂರಕ್ಕೆ 17ನ್ನು ಮೀರಬಾರದು; ಕಲ್ಲುಮಣ್ಣು ನೂರಕ್ಕೆ ಒಂದನ್ನು ಮೀರಬಾರದು; ಹಾಳಾದ, ಬಣ್ಣಗೆಟ್ಟ, ಮೊಳೆತ, ಹುಳು ತಿಂದ ಕಾಳು ಐದಕ್ಕಿಂತ ಹೆಚ್ಚಿರಬಾರದು. ಹತ್ತಿಯನ್ನು ಭಾರತೀಯ ಹತ್ತಿ ನಿಗಮ ಕೊಳ್ಳುವಾಗ ತೇವ 8ರವರೆಗೆ ಇದ್ದರೆ ಪೂರ್ಣ ಬೆಲೆ. ಅಲ್ಲಿಂದ 12ರವರೆಗೆ ಬೆಲೆಯಲ್ಲಿ ಕಡಿತ. 12ನ್ನು ದಾಟಿದರೆ ಬಂಡಿ ಹಿಂದಕ್ಕೆ. ಈ ನಿಯಮಗಳನ್ನು ನಾನು ಹಳಿಯುತ್ತಿಲ್ಲ. ಒದ್ದೆ ಭತ್ತ ಉಗ್ರಾಣದಲ್ಲಿ ಬೂಷ್ಟು ಹಿಡಿಯುತ್ತದೆ, ಕಾವೇರುತ್ತದೆ. ನಾಳೆ ಅದೇ ಅಕ್ಕಿ ಯಾವುದೋ ಬಡವರ ಗಂಗಾಳಕ್ಕೆ ಬೀಳಬೇಕು. ನಿಯಮ ನ್ಯಾಯವಾದದ್ದೇ.

ಆದರೆ ಈ ಪರೀಕ್ಷೆ ನಡೆಯುವ ರೀತಿಯನ್ನು ಗಮನಿಸಬೇಕು. ರೈತ ಎದುರಿಗೇ ನಿಂತಿರುತ್ತಾನೆ. ತೇವ ಅಳೆಯುವ ಸಣ್ಣ ಯಂತ್ರ ಒಂದು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಆ ಅಂಕಿ ಬಂದ ಮೇಲೆ ಮಾತಿಲ್ಲ. ಮಾಲು ಸರಕಾರದ ಉಗ್ರಾಣ ಸೇರುವುದಕ್ಕೆ ಮುಂಚೆ, ಹಣ ಕೈ ಬಿಡುವುದಕ್ಕೆ ಮುಂಚೆ, ತೀರ್ಪು ಆಗಿಹೋಗಿರುತ್ತದೆ. ಸೋತ ರೈತ ಗಂಜಿನ ಕಟ್ಟೆಯ ಮೇಲೆ ಭತ್ತ ಹರವಿ ಬಿಸಿಲಿಗೆ ಕಾಯುತ್ತಾನೆ, ಇಲ್ಲವೆ ದಲಾಲಿಗೆ ಕಡಿಮೆ ಬೆಲೆಗೆ ಕೊಟ್ಟು ಊರಿಗೆ ಹೋಗುತ್ತಾನೆ. ಮೇಲ್ಮನವಿ ಮಾಡುವ ಪ್ರಯೋಗಾಲಯ ಅವನಿಗೆ ಯಾವುದಿದೆ? ದುರ್ಬಲನು ಸರಕಾರಕ್ಕೆ ಮಾರುವಾಗ ಪರೀಕ್ಷೆ ಹೀಗೆ ಚುರುಕಾಗಿ, ಮುಖಾಮುಖಿಯಾಗಿ, ಮುಂಚಿತವಾಗಿ ನಡೆಯುತ್ತದೆ.

ಪ್ರಬಲನು ಸರಕಾರಕ್ಕೆ ಮಾರಿ, ಆ ವಸ್ತು ದುರ್ಬಲರ ಮೈಗೆ ಸೇರುವಾಗ ಏನಾಗುತ್ತದೆ? 2024ರ ನವೆಂಬರಿನಲ್ಲಿ ನಮ್ಮ ನೆರೆಯ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಶಂಕೆ ಬಿತ್ತು. ನರದೊಳಕ್ಕೆ ನೇರವಾಗಿ ಹನಿಸುವ ಉಪ್ಪುನೀರಿನಂಥ ಸಾಮಾನ್ಯ ದ್ರಾವಣ ಅದು. ಪಶ್ಚಿಮ ಬಂಗಾಳದ ಪಶ್ಚಿಮ್ ಬಂಗಾ ಫಾರ್ಮಸ್ಯೂಟಿಕಲ್ಸ್ ಎಂಬ ಕಂಪನಿ ತಯಾರಿಸಿದ್ದು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಆಸ್ಪತ್ರೆಗಳಿಗೆ ಬಂದದ್ದು. ಅದರ ಹಿಂದಿನ ತಿಂಗಳು ನಮ್ಮ ರಾಯಚೂರು ಜಿಲ್ಲೆಯಲ್ಲೂ ಬಾಣಂತಿಯರ ಸಾವುಗಳಾಗಿ, ಅಲ್ಲಿಯೂ ಇದೇ ದ್ರಾವಣದ ಮಾತು ಬಂದಿತ್ತು. ಸಾವಿನ ಕಾರಣವನ್ನು ನಿರ್ಣಯಿಸುವುದು ವೈದ್ಯರ, ತನಿಖೆಯವರ ಕೆಲಸ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಸಾವುಗಳ ಹಿಂದೆ ನಡೆದ ಪರೀಕ್ಷೆಗಳ ಕಥೆ.

ಪರೀಕ್ಷೆ ನಡೆದೇ ಇರಲಿಲ್ಲವೆಂದಲ್ಲ. ಆ ವರ್ಷದ ಮೊದಲ ಭಾಗದಲ್ಲಿಯೇ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಆ ದ್ರಾವಣದ 22 ಬ್ಯಾಚುಗಳು ಗುಣಮಟ್ಟಕ್ಕೆ ಸಾಲವೆಂದು ಹೇಳಿತ್ತು. ಬಳಕೆಗೆ ತಡೆಯೂ ಬಿದ್ದಿತ್ತು. ಕಂಪನಿ ಅದನ್ನು ಪ್ರಶ್ನಿಸಿತು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಪ್ರಕಾರ ಇಂಥ ವಿವಾದದಲ್ಲಿ ಕೇಂದ್ರ ಪ್ರಯೋಗಾಲಯದ ವರದಿಯೇ ಕೊನೆಯ ಮಾತು. ಕಲ್ಕತ್ತೆಯ ಆ ಪ್ರಯೋಗಾಲಯ, ತನ್ನಲ್ಲಿಗೆ ಬಂದ ಕೆಲವು ಬ್ಯಾಚುಗಳನ್ನು ಸರಿಯಾಗಿವೆ ಎಂದಿತು. ಆ ಬಳಿಕ, ತಡೆಹಿಡಿದ ಬ್ಯಾಚುಗಳನ್ನು ಬಿಟ್ಟು ಉಳಿದವು, ಖಾಸಗಿ ಪ್ರಯೋಗಾಲಯಗಳ ಪ್ರಮಾಣಪತ್ರದ ಬಲದ ಮೇಲೆ, ಮತ್ತೆ ಬಳಕೆಗೆ ಬಂದವು. ಸಾವುಗಳಾದ ಮೇಲೆ ಸರಕಾರ ಆ ದ್ರಾವಣವನ್ನು ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತ್ತಿನಲ್ಲಿ ಇಟ್ಟಿತು. ಇಷ್ಟು ಹಂತಗಳಲ್ಲಿ ಒಬ್ಬೊಬ್ಬರನ್ನು ಹಿಡಿದು ಕೇಳಿದರೆ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕಾಗದವಿತ್ತು. ಕಾಗದವಿಲ್ಲದೆ ಇದ್ದವರೆಂದರೆ ಆ ಬಾಣಂತಿಯರು ಮಾತ್ರ.

ಒಂದಗುಳಿನ ನ್ಯಾಯ ಎಡವುವುದು ಇಲ್ಲಿಯೇ. ಆ ಗಾದೆಯಲ್ಲಿ ಹೇಳದೆ ಬಿಟ್ಟ ಕೆಲವು ಮಾತುಗಳಿವೆ. ಗಡಿಗೆ ಒಂದೇ ಆಗಿರಬೇಕು; ಉರಿ ಎಲ್ಲ ಕಡೆಗೂ ಸಮನಾಗಿರಬೇಕು; ನಡುನಡುವೆ ಕೈಯಾಡಿಸಿರಬೇಕು. ಇವು ಇದ್ದರೆ ಒಂದು ಅಗುಳು ಎಲ್ಲ ಅಗುಳುಗಳ ಪರವಾಗಿ ನಿಜ ಹೇಳುತ್ತದೆ. ಬೇರೆ ಬೇರೆ ದಿನ ತಯಾರಾದ ಬ್ಯಾಚುಗಳು ಬೇರೆ ಬೇರೆ ಗಡಿಗೆಗಳು. ಒಂದು ಗಡಿಗೆಯ ಅಗುಳು ಬೆಂದಿದೆ ಎಂದು ಇನ್ನೊಂದು ಗಡಿಗೆಯ ಅನ್ನ ಬಡಿಸಬಹುದೆ? ಇನ್ನೂ ಒಂದು ಕಷ್ಟವಿದೆ. ಬೇಯುವುದು ಗಡಿಗೆಯ ಗುಣ. ಕೊಳೆ ಸೇರುವುದು ಒಂದೊಂದು ಬಾಟಲಿಯ ಅದೃಷ್ಟ. ನೂರರಲ್ಲಿ ಒಂದು ಬಾಟಲಿ ಕೆಟ್ಟಿದೆ ಎಂದು ಇಟ್ಟುಕೊಳ್ಳಿ. ದೊಡ್ಡ ರಾಶಿಯಿಂದ 20 ಬಾಟಲಿ ತೆಗೆದು ಪರೀಕ್ಷಿಸಿದರೂ, ನೂರು ಸಲಕ್ಕೆ ಸುಮಾರು 82 ಸಲ ಆ ಕೆಟ್ಟದ್ದು ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಇದು ಸಾಮಾನ್ಯ ಗಣಿತ. ಯಾರ ಅಪ್ರಾಮಾಣಿಕತೆಯೂ ಇದಕ್ಕೆ ಬೇಕಾಗಿಲ್ಲ.

ಮತ್ತೊಂದು ಮಾತು. ದ್ರಾವಣದಲ್ಲಿ ರೋಗಾಣು ಇದೆಯೋ ಇಲ್ಲವೋ ನೋಡುವ ಪರೀಕ್ಷೆಗೆ ಬಾಟಲಿಯನ್ನು ಒಡೆಯಬೇಕು. ಅದರ ದ್ರವವನ್ನು ರೋಗಾಣು ಬೆಳೆಯಲು ಅನುಕೂಲವಾದ ಮಾಧ್ಯಮದಲ್ಲಿ ಇಟ್ಟು ಹದಿನಾಲ್ಕು ದಿನವಾದರೂ ಕಾಯಬೇಕು. ಹೀಗೆ ಪರೀಕ್ಷಿಸಿದ ಬಾಟಲಿಯನ್ನು ಯಾರೂ ಬಳಸುವುದಿಲ್ಲ. ಬಳಸುವ ಬಾಟಲಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಎಂದರೆ ಎಷ್ಟೇ ಕಟ್ಟುನಿಟ್ಟಾದ ಷರತ್ತು ಬರೆದರೂ, ಕೊನೆಯ ಆ ಒಂದು ಬಾಟಲಿಯ ಮಟ್ಟಿಗೆ ನಾವು ನಂಬಿಕೆಯ ಮೇಲೆಯೇ ನಿಂತಿದ್ದೇವೆ. ಬಾಟಲಿ ತುಂಬುವ ಕಾರಖಾನೆಯ ನಿತ್ಯದ ಶುಚಿ, ಅಲ್ಲಿಯ ಕೆಲಸಗಾರನ ಕೈ, ಅಲ್ಲಿಯ ಯಜಮಾನನ ಮನಸ್ಸು, ಇವೇ ಗುಣವನ್ನು ಉಂಟುಮಾಡುವಂಥವು. ಪರೀಕ್ಷೆ ಗುಣವನ್ನು ಹುಟ್ಟಿಸಲಾರದು. ಇಲ್ಲದ್ದನ್ನು ಕೆಲವು ಸಲ ಹಿಡಿದೀತು, ಅಷ್ಟೆ. ಕಾಲೇಜಿನಲ್ಲಿ ಪರೀಕ್ಷೆ ನಡೆಸುವ ನಮ್ಮಂಥವರಿಗೆ ಈ ಸತ್ಯ ಚೆನ್ನಾಗಿ ಗೊತ್ತು. ಮೂರು ಗಂಟೆಯ ಪ್ರಶ್ನೆಪತ್ರಿಕೆ ವಿದ್ಯೆಯನ್ನು ಕಲಿಸುವುದಿಲ್ಲ. ಹಾಗೆಂದು ಪರೀಕ್ಷೆಯನ್ನೇ ತೆಗೆದುಹಾಕಿದರೆ ಪಾಠವೂ ನಿಲ್ಲುತ್ತದೆಂಬುದೂ ನಮಗೆ ಗೊತ್ತು.

ಕಾಲದ ಮಾತೂ ಇದೆ. ಅನ್ನದ ಗುಣವನ್ನು ಬಡಿಸುವ ಹೊತ್ತಿಗೆ ನೋಡಿದರೆ ಮುಗಿಯಿತು. ನೀರು ಶುದ್ಧಿ ಮಾಡುವ ಯಂತ್ರವನ್ನು ಕೊಂಡಾಗ ಹಾಗಲ್ಲ. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಬೇರೆ ನೀರೇ ಇಲ್ಲದ ಕಡೆ ಒಂದೂವರೆಯವರೆಗೆ ಸಹಿಸಬಹುದು. ಇದಕ್ಕಾಗಿ ಊರೂರಿಗೆ ಶುದ್ಧೀಕರಣ ಘಟಕಗಳು ಬಂದವು. ಉದ್ಘಾಟನೆಯ ದಿನ ಅವುಗಳ ನೀರನ್ನು ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಸರಿಯೆಂದೇ ವರದಿ ಬರುತ್ತದೆ. ಜರಡಿಯ ಪೊರೆ ಸವೆದ ಮೇಲೆ, ಪಂಪು ಕೆಟ್ಟ ಮೇಲೆ, ಕರಾರಿನ ಅವಧಿ ಮುಗಿದ ಮೇಲೆ? ಬೀಗ ಬಿದ್ದ ಘಟಕಗಳನ್ನು ದೇವದುರ್ಗದ ದಾರಿಯಲ್ಲಿ ನಾನೇ ಕಂಡಿದ್ದೇನೆ. 2023ರ ಮೇ ತಿಂಗಳಲ್ಲಿ ಅದೇ ಸೀಮೆಯ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಅದಕ್ಕೆ ಒಂದು ವರ್ಷ ಹಿಂದೆ, 2022ರ ಮೇ ಜೂನ್ ತಿಂಗಳುಗಳಲ್ಲಿ, ಕೃಷ್ಣೆ ತುಂಗಭದ್ರೆಗಳ ನಡುವೆ ಇರುವ ರಾಯಚೂರು ನಗರದಲ್ಲಿಯೇ ನಲ್ಲಿಯ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡಿದ್ದರು. ಎಂದೋ ಒಮ್ಮೆ ಪರೀಕ್ಷೆಯಲ್ಲಿ ಗೆದ್ದದ್ದು ಇಂದಿಗೂ ಗೆದ್ದಂತೆ ಅಲ್ಲ. ಕೊಳ್ಳುವ ದಿನದ ಗುಣ ಬೇರೆ, ಬಳಸುವ ದಿನದ ಗುಣ ಬೇರೆ. ನಮ್ಮ ಕರಾರುಗಳು ಮೊದಲಿನದನ್ನು ವಿವರವಾಗಿ ಬರೆಯುತ್ತವೆ. ಎರಡನೆಯದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ.

ಎದುರು ಪಕ್ಷದ ಮಾತನ್ನೂ ಕೇಳದಿದ್ದರೆ ಅನ್ಯಾಯವಾದೀತು. ಪರೀಕ್ಷೆ ಹೆಚ್ಚಿದಷ್ಟೂ ತಡವಾಗುತ್ತದೆ. ಪ್ರತಿಯೊಂದು ಬ್ಯಾಚಿಗೂ ವಾರಗಟ್ಟಲೆ ಕಾದು ಕುಳಿತರೆ, ತಾಲ್ಲೂಕು ಆಸ್ಪತ್ರೆಯ ಕಪಾಟು ಬರಿದಾಗಿ, ಕೆಟ್ಟ ಔಷಧಿಯಿಂದಲ್ಲ, ಔಷಧಿಯೇ ಇಲ್ಲದೆ ರೋಗಿ ಸಾಯಬಹುದು. ನಡುರಾತ್ರಿ ರಕ್ತಸ್ರಾವದಲ್ಲಿ ಬಂದ ಹೆಂಗಸಿನ ಮುಂದೆ ನಿಂತ ದಾದಿಗೆ ಈ ಉಪದೇಶ ಯಾವ ಕೆಲಸಕ್ಕೆ ಬಂದೀತು? ಅದಿರಲಿ, ಪರೀಕ್ಷೆಯ ಷರತ್ತನ್ನೇ ಬೇಲಿಯಾಗಿ ಮಾಡಿ, ಸಣ್ಣ ತಯಾರಕರು ಒಳಗೆ ಬಾರದಂತೆ ನೋಡಿಕೊಳ್ಳುವುದೂ ಉಂಟು. ಇನ್ನು ತಪಾಸಣೆಗೆ ಬಂದವರ ಕೈ ಬೆಚ್ಚಗಾಗದೆ ಸರ್ಟಿಫಿಕೇಟಿಗೆ ಸಹಿ ಬೀಳುವುದಿಲ್ಲ ಎಂಬ ದೂರು ಎಷ್ಟು ಹಳೆಯದೆಂದು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಕಡೆಗಳಲ್ಲಿ ಷರತ್ತು ಹೆಚ್ಚಿದಷ್ಟೂ ಲಂಚದ ಕಿಂಡಿಗಳು ಹೆಚ್ಚುತ್ತವೆ. ಪ್ರಾಮಾಣಿಕನು ಸೋತು, ಪರೀಕ್ಷೆಯನ್ನು ಗೆಲ್ಲುವುದರಲ್ಲಿ ಪಳಗಿದವನು ಉಳಿಯುತ್ತಾನೆ.

ಈ ಆಕ್ಷೇಪಗಳು ನಿಜ. ಇವುಗಳಿಂದ ಪರೀಕ್ಷೆ ಬೇಡವೆಂದು ಸಿದ್ಧವಾಗುವುದಿಲ್ಲ. ಪರೀಕ್ಷೆಯ ಸಂಖ್ಯೆಗಿಂತ ಅದರ ಸ್ಥಾನ ಮುಖ್ಯ ಎಂದು ಸಿದ್ಧವಾಗುತ್ತದೆ. ಯಾರು ಪರೀಕ್ಷಿಸುತ್ತಾರೆ, ಯಾವಾಗ ಪರೀಕ್ಷಿಸುತ್ತಾರೆ, ತಪ್ಪಿದರೆ ಯಾರಿಗೆ ನೋವು, ಈ ಮೂರು ಪ್ರಶ್ನೆಗಳು ಪುಟಗಟ್ಟಲೆ ಷರತ್ತುಗಳಿಗಿಂತ ದೊಡ್ಡವು. ಬೆಲೆಯ ಮಾತೂ ಹೀಗೆಯೇ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ ಕಣ್ಣು ಮುಚ್ಚಿ ಅಗ್ಗದ್ದನ್ನು ಕೊಳ್ಳಿರಿ ಎಂದು ಹೇಳಿಲ್ಲ. ಟೆಂಡರು ಪತ್ರದಲ್ಲಿ ಮೊದಲೇ ಹೇಳಿದ ಅಂಶಗಳನ್ನು ತೂಗಿ ನೋಡಿ, ಆ ಮೇಲೆ ಕಡಿಮೆಯಾದದ್ದನ್ನು ಒಪ್ಪಬೇಕೆಂದು ಹೇಳಿದೆ. ಬೆಲೆಯನ್ನು ಎಲ್ಲರೂ ಓದಬಲ್ಲರು. ಗುಣವನ್ನು ಓದುವುದು ಕಷ್ಟ. ಕಷ್ಟವಾದದ್ದನ್ನು ಬಿಟ್ಟು ಸುಲಭವಾದದ್ದನ್ನು ಓದಿ ಮುಗಿಸುವುದು ವಿದ್ಯಾರ್ಥಿಗಳ ಅಭ್ಯಾಸ ಮಾತ್ರವಲ್ಲ.

ಮೂರು ಪ್ರಶ್ನೆಗಳಿಗೂ ಒಂದೇ ಹೊಡೆತಕ್ಕೆ ಉತ್ತರ ಕೊಡುವ ಒಂದು ಪದ್ಧತಿ ನಮ್ಮ ಶಾಲೆಗಳಲ್ಲಿಯೇ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 2013ರ ಜುಲೈಯಲ್ಲಿ ಬಿಹಾರದ ಛಪ್ರಾ ಬಳಿಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಶಾಲೆಯ ಊಟ ಮಾಡಿದ 23 ಮಕ್ಕಳು ಕೀಟನಾಶಕದ ವಿಷದಿಂದ ಸತ್ತುಹೋದರು. ಮಕ್ಕಳಿಗೆ ಬಡಿಸುವುದಕ್ಕೆ ಮುಂಚೆ ಶಿಕ್ಷಕರು ಉಂಡು ನೋಡಬೇಕೆಂಬ ಕಟ್ಟಳೆ ದೇಶದಲ್ಲೆಲ್ಲ ಬಿಗಿಯಾದದ್ದು ಆ ಮೇಲೆ. ಇದರಲ್ಲಿ ಯಂತ್ರವಿಲ್ಲ, ಅಂಕಿಯಿಲ್ಲ. ಆದರೆ ಪರೀಕ್ಷಿಸುವವರು ಮಗುವಿನ ಅಪಾಯದಲ್ಲಿ ಮೊದಲ ತುತ್ತನ್ನು ತಾವು ತೆಗೆದುಕೊಳ್ಳುತ್ತಾರೆ. ತೀರ್ಪು ಬಡಿಸುವುದಕ್ಕೆ ಮುಂಚೆ ಬರುತ್ತದೆ. ಗಡಿಗೆ ಒಂದೇ ಆಗಿರುತ್ತದೆ. ಒಂದಗುಳಿನ ನ್ಯಾಯ ಪೂರ್ತಿಯಾಗಿ ಸಲ್ಲುವ ಸ್ಥಳ ಇದು.

ನರದೊಳಕ್ಕೆ ಹೋಗುವ ದ್ರಾವಣವನ್ನು ಯಾವ ಅಧಿಕಾರಿಯೂ ಚಪ್ಪರಿಸಿ ನೋಡಲಾರರು, ನಿಜ. ಅಂಥ ಕಡೆ ಆ ತುತ್ತಿಗೆ ಸಮನಾದದ್ದು ಏನು ಎಂದು ಹುಡುಕಬೇಕು. ನನಗೆ ಕಾಣುವುದು ಇಷ್ಟು. ಪರೀಕ್ಷೆಯ ಫಲಿತಾಂಶ ಬಳಕೆಗೆ ಮುಂಚೆ ಬರಬೇಕು. ಭತ್ತಕ್ಕೆ ಸಾಧ್ಯವಾದದ್ದು ಔಷಧಿಗೆ ಸಾಧ್ಯವಾಗಬೇಕಾದರೆ ಪ್ರಯೋಗಾಲಯಗಳು ಹೆಚ್ಚಬೇಕು, ಕಪಾಟಿನಲ್ಲಿ ಎರಡು ತಿಂಗಳ ದಾಸ್ತಾನು ಮೊದಲೇ ಇರಬೇಕು. ತಡದ ಆಕ್ಷೇಪಕ್ಕೆ ಇದೇ ಉತ್ತರ, ಇದಕ್ಕೆ ಹಣ ಬೇಕು. ಎರಡನೆಯದು, ಪರೀಕ್ಷಿಸುವವರು ಮಾರುವವರ ಕೈಯಿಂದಾಗಲಿ ಕೊಳ್ಳುವವರ ಕೈಯಿಂದಾಗಲಿ ಉಣ್ಣಬಾರದು. ಎರಡು ಪ್ರಯೋಗಾಲಯಗಳ ಮಾತು ಬೇರೆಯಾದಾಗ, ಸಂಶಯದ ಲಾಭ ಬಾಟಲಿಗೆ ಸಲ್ಲಬಾರದು, ರೋಗಿಗೆ ಸಲ್ಲಬೇಕು. ನ್ಯಾಯಾಲಯದಲ್ಲಿ ಆರೋಪಿಗೆ ಸಂಶಯದ ಲಾಭ ಕೊಡುವುದು ಒಬ್ಬ ಮನುಷ್ಯನ ಪ್ರಾಣ, ಮಾನ ಉಳಿಸುವುದಕ್ಕೆ. ಅದೇ ಕಾರಣಕ್ಕೆ ಇಲ್ಲಿ ತಿರುಗುಮುರುಗಾಗಬೇಕು.

ಮೂರನೆಯದು ಬಳಸುವವರ ಮಾತು. ನಾನು ಕೆಲಕಾಲ ಒಂದು ವಿದ್ಯಾಸಂಸ್ಥೆಯ ಖರೀದಿ ಸಮಿತಿಯಲ್ಲಿ ಕುಳಿತಿದ್ದೆ. ತರಗತಿಗೆ ಬೆಂಚುಗಳು ಬಂದವು. ಒಪ್ಪಿಗೆಯಾದ ವಾನಗಿ ಬೆಂಚು ಮುದ್ರೆ ಹಾಕಿಸಿಕೊಂಡು ಕೋಣೆಯ ಮೂಲೆಯಲ್ಲಿ ಇತ್ತು. ಜೊತೆಗೆ ಉಕ್ಕಿನ ದಪ್ಪಕ್ಕೆ ಸರ್ಟಿಫಿಕೇಟು. ಬಂದ ಬೆಂಚುಗಳು ನೋಡುವುದಕ್ಕೆ ಅದರ ಅವಳಿಗಳಂತೆಯೇ ಇದ್ದವು. ಅವನ್ನು ಮಹಡಿಗೆ ಹೊತ್ತ ಜವಾನ ಮಾತ್ರ, “ಇವು ಆ ಬೆಂಚಿನಷ್ಟು ಭಾರ ಇಲ್ರಿ” ಎಂದ. ತೂಗಿಸಿದೆವು. ಅವನ ಹೆಗಲು ಹೇಳಿದ್ದು ನಿಜವಾಗಿತ್ತು. ಬೆಂಚುಗಳು ಹಿಂದಕ್ಕೆ ಹೋದವು. ಆದರೆ ನಡವಳಿಯ ಪುಸ್ತಕದಲ್ಲಿ ಅವನ ಮಾತನ್ನು ಬರೆಯುವ ಕಾಲಮು ಇರಲಿಲ್ಲ. ಆಸ್ಪತ್ರೆಯ ದಾದಿ ‘ಈ ಬಾಟಲಿ ಹಾಕಿದ ಮೇಲೆ ಮೂವರಿಗೆ ಚಳಿ ಬಂತು’ ಎಂದರೆ, ದೇವದುರ್ಗದ ಹೆಂಗಸು ‘ಈ ನೀರು ಬೇಳೆ ಬೇಯಿಸುವುದಿಲ್ಲ’ ಎಂದರೆ, ಅದನ್ನು ನಾವು ದೂರು ಎಂದು ಕರೆಯುತ್ತೇವೆ. ಅದು ದೂರಲ್ಲ, ಪರೀಕ್ಷೆಯ ವರದಿ. ಅದೂ ಬಳಸಿದ ಬಾಟಲಿಯ, ಬಳಸಿದ ನೀರಿನ ವರದಿ. ಬೇರೆ ಯಾವ ಪ್ರಯೋಗಾಲಯವೂ ಅದನ್ನು ಕೊಡಲಾರದು. ಅದು ಬಂದ ದಿನವೇ ಆ ಬ್ಯಾಚು ನಿಲ್ಲಬೇಕು, ಅದನ್ನು ಕರಾರಿನಲ್ಲಿಯೇ ಬರೆದಿರಬೇಕು.

ಕೊನೆಯದಾಗಿ ನಮ್ಮ ಮಾತು, ಎಂದರೆ ಈ ಪತ್ರಿಕೆಯನ್ನು ಭಾನುವಾರ ಬೆಳಿಗ್ಗೆ ಚಹದ ಜೊತೆಗೆ ಓದುವವರ ಮಾತು. ಸರಕಾರಿ ಆಸ್ಪತ್ರೆಗೆ, ಸರಕಾರಿ ಶಾಲೆಗೆ, ಬೀದಿಯ ನಲ್ಲಿಗೆ ನಮ್ಮಂಥವರ ಮನೆಗಳವರೂ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಮಕ್ಕಳು ಬೇರೆ ಶಾಲೆಯಲ್ಲಿ ಉಣ್ಣುತ್ತಾರೆ. ಹೆರಿಗೆ ಬೇರೆ ಆಸ್ಪತ್ರೆಯಲ್ಲಿ ಆಗುತ್ತದೆ. ನೀರು ಡಬ್ಬದಲ್ಲಿ ಮನೆಗೆ ಬರುತ್ತದೆ. ಇದನ್ನು ತಪ್ಪೆನ್ನುವ ಎದೆ ನನಗಿಲ್ಲ. ಮನೆಯವರ ಪ್ರಾಣದ ವಿಷಯದಲ್ಲಿ ಯಾರೂ ಆದರ್ಶ ಮೆರೆಸಲಾರರು. ಆದರೆ ಇದರಿಂದ ಆದದ್ದೇನು? ಪತ್ರಿಕೆಗೆ ಪತ್ರ ಬರೆಯಬಲ್ಲವರು, ಮಾಹಿತಿ ಹಕ್ಕಿನ ಅರ್ಜಿ ಹಾಕಬಲ್ಲವರು, ಅಧಿಕಾರಿಯ ಎದುರು ಕುರ್ಚಿಯಲ್ಲಿ ಕುಳಿತು ಕೇಳಬಲ್ಲವರು, ಎಲ್ಲರೂ ಆ ಗಡಿಗೆಯಿಂದ ಎದ್ದುಹೋದರು. ರುಚಿ ನೋಡಿ ಗಟ್ಟಿಯಾಗಿ ಹೇಳುವ ನಾಲಗೆಗಳು ಪಂಕ್ತಿಯಲ್ಲಿ ಉಳಿಯಲಿಲ್ಲ. ಉಳಿದವರ ಮಾತು ತಹಸೀಲಿ ಕಚೇರಿಯ ಹೊಸಿಲನ್ನೂ ದಾಟುವುದಿಲ್ಲ.

‘ಪರೀಕ್ಷೆ’ ಎಂಬ ಶಬ್ದವನ್ನು ಬಿಡಿಸಿದರೆ ‘ಪರಿ’ ಮತ್ತು ‘ಈಕ್ಷಾ’ ಎಂದಾಗುತ್ತದೆ. ಸುತ್ತಲೂ ನೋಡುವುದು ಎಂದು ಅರ್ಥ. ಬಾಟಲಿಯೊಳಗೆ ಇಣುಕುವುದು ಅದರಲ್ಲಿ ಒಂದು ಭಾಗ. ಬಾಟಲಿ ಎಲ್ಲಿಂದ ಬಂತು, ಯಾರ ಕೈ ದಾಟಿತು, ಯಾರ ಮೈ ಸೇರುತ್ತದೆ ಎಂದು ನೋಡುವುದೂ ಅದರಲ್ಲಿ ಸೇರಿದೆ. ಆ ಪಂಕ್ತಿಗೆ ನಾವು ಮತ್ತೆ ಉಣ್ಣಲು ಹೋಗದೆ ಇರಬಹುದು. ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಈ ತಿಂಗಳು ಬಂದ ಔಷಧಿಯ ವರದಿ ಬಂದಿದೆಯೇ, ನಮ್ಮ ದಾರಿಯಲ್ಲಿ ಕಾಣುವ ನೀರಿನ ಘಟಕದ ಬೀಗ ತೆರೆದಿದೆಯೇ ಎಂದು ಕೇಳುವುದಕ್ಕೆ ಅಲ್ಲಿ ಉಣ್ಣಬೇಕಾಗಿಲ್ಲ. ಹಣ ಕೊಟ್ಟವರು ನಾವು. ಕೇಳುವ ಹಕ್ಕಿಗೆ ಅಷ್ಟು ಸಾಕು.